ಮಸುಕು ನೋಡಿ ದೂರ ಅಳೆಯುವ ಜೇಡ

ಮನೆಯ ಗೋಡೆ ಮೇಲೆ ಬಲೆ ಕಟ್ಟದೆ ಓಡಾಡುತ್ತಾ, ತಟ್ಟನೆ ನೆಗೆಯುವ ಪುಟ್ಟ ಜೇಡವನ್ನು ನೀವೂ ನೋಡಿರುತ್ತೀರಿ ಅಲ್ವಾ? ಮೊಬೈಲಿನಲ್ಲಿ ಮ್ಯಾಕ್ರೋ ಫೋಟೋ, ಅಂದರೆ ಪುಟ್ಟ ಜೀವಿಗಳನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ಫೋಟೋ, ಕಲಿಯುವವರು ಇದರಿಂದಲೇ ಶುರು ಮಾಡಬೇಕು ಅಂತ ನನ್ನ ಅನಿಸಿಕೆ. ಚಿಟ್ಟೆ ಹತ್ತಿರ ಹೋದರೆ ಹಾರಿಹೋಗುತ್ತದೆ. ಜಿಗಿಯುವ ಜೇಡ ಎಷ್ಟೋ ಸಲ ತಿರುಗಿ ನಿಮ್ಮನ್ನೇ ನೋಡುತ್ತದೆ. ಅದಕ್ಕೆ ಎಂಟು ಕಣ್ಣು. ಪಕ್ಕದ ಕಣ್ಣುಗಳಿಗೆ ಏನೋ ಅಲುಗಾಡಿದ್ದು ಕಂಡರೆ ಸಾಕು, ಮೈ ತಿರುಗಿಸಿ ಮುಂದಿನ ಎರಡು ದೊಡ್ಡ ಕಣ್ಣುಗಳನ್ನು ಅತ್ತ ಹಿಡಿಯುತ್ತದೆ.

ಮೊಬೈಲಿನ ಮುಖ್ಯ ಕ್ಯಾಮೆರಾ ತೀರಾ ಹತ್ತಿರ ಇರುವುದಕ್ಕೆ ಫೋಕಸ್ ಆಗುವುದಿಲ್ಲ. ಅದರ ಮುಂದೆ ಕ್ಲಿಪ್ಪಿನಿಂದ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಭೂತಗನ್ನಡಿಯ ಕೆಲಸ ಮಾಡುತ್ತದೆ. ಆಗ ಕೆಲವೇ ಸೆಂಟಿಮೀಟರ್ ದೂರದಿಂದ ಫೋಟೋ ತೆಗೆಯಬಹುದು. ತೊಡಕು ಏನೆಂದರೆ, ಸ್ಪಷ್ಟವಾಗಿ ಕಾಣುವ ಪದರ ತುಂಬಾ ತೆಳು. ಲೆನ್ಸ್ ಜಾಸ್ತಿ ಶಕ್ತಿಯದಾದರೆ ಅದು ಒಂದು ಮಿಲಿಮೀಟರ್‌ ಕೂಡ ಇರುವುದಿಲ್ಲ. ಕಣ್ಣು ಸ್ಪಷ್ಟವಾದರೆ ಹೊಟ್ಟೆ ಮಸುಕು. ಉಸಿರಾಡುವಾಗ ಕೈ ಅಲುಗಿದರೂ ಫೋಕಸ್ ತಪ್ಪುತ್ತದೆ.

ಹಾಗಾಗಿ ಪರದೆ ಮೇಲೆ ಬೆರಳೊತ್ತಿ ಫೋಕಸ್ ಲಾಕ್ ಮಾಡಿಬಿಡಿ. ಮೊಣಕೈಯನ್ನು ಗೋಡೆಗೆ ಆನಿಸಿ, ಮೊಬೈಲನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಸಾಲಾಗಿ ಫೋಟೋ ತೆಗೆಯಿರಿ. ಟಾರ್ಚಿನ ಮುಂದೆ ಬಿಳಿ ಟಿಶ್ಯೂ ಹಿಡಿದರೆ ಬೆಳಕು ಮೆತ್ತಗಾಗುತ್ತದೆ, ಕಣ್ಣುಗಳು ಹೊಳಪಿನಲ್ಲಿ ಮುಳುಗಿಹೋಗುವುದಿಲ್ಲ. ಗಮನ ಆ ಎರಡು ದೊಡ್ಡ ಕಣ್ಣುಗಳ ಮೇಲೇ ಇರಲಿ.

ಆ ಕಣ್ಣುಗಳ ಕಥೆ ನನಗೆ ಎಷ್ಟು ಹೇಳಿದರೂ ಸಾಲದು. ಅವುಗಳ ಮಸೂರ ತಲೆಯ ಗಟ್ಟಿ ಚಿಪ್ಪಿಗೆ ಅಂಟಿಕೊಂಡಿದೆ, ಅಲುಗಾಡುವುದಿಲ್ಲ. ಹಿಂದೆ ಉದ್ದನೆಯ ಕೊಳವೆ, ಅದರ ಕೊನೆಯಲ್ಲಿ ಬೆಳಕನ್ನು ಗ್ರಹಿಸುವ ಅಕ್ಷಿಪಟ. ಜೇಡ ಕದಲದೆ ಕೂತಿದ್ದರೂ ಸ್ನಾಯುಗಳು ಒಳಗಿನ ಕೊಳವೆಯನ್ನು ಅತ್ತಿತ್ತ ತಿರುಗಿಸುತ್ತಿರುತ್ತವೆ. ಒಂದೇ ಜೇಡದ ಕಣ್ಣು ಒಂದು ಫೋಟೋದಲ್ಲಿ ಕಡುಕಪ್ಪಾಗಿ, ಇನ್ನೊಂದರಲ್ಲಿ ತಿಳಿಯಾಗಿ ಕಾಣುವುದು ಇದರಿಂದಲೇ.

ನಮ್ಮ ಅಕ್ಷಿಪಟದಂತೆ ಇದರದ್ದು ಒಂದೇ ಹಾಳೆಯಲ್ಲ, ಒಂದರ ಹಿಂದೊಂದು ನಾಲ್ಕು ಪದರ. ಒಳಗಿನ ಎರಡು ಪದರಗಳು ಹಸಿರು ಬೆಳಕನ್ನು ಗ್ರಹಿಸುತ್ತವೆ. ಆದರೆ ಹಸಿರು ಬೆಳಕಿನ ಚಿತ್ರ ತೀರಾ ಒಳಗಿನ ಪದರದ ಮೇಲೆ ಮಾತ್ರ ಸ್ಪಷ್ಟವಾಗಿ ಬೀಳುತ್ತದೆ. ಪಕ್ಕದ ಪದರದಲ್ಲಿ ಅದು ಯಾವಾಗಲೂ ಮಸುಕು. ಎಷ್ಟು ಮಸುಕು ಅನ್ನುವುದು ಬೇಟೆ ಎಷ್ಟು ದೂರ ಇದೆ ಅನ್ನುವುದರ ಮೇಲೆ ನಿಂತಿದೆ. ಜೇಡ ಆ ಮಸುಕನ್ನೇ ಅಳತೆಗೋಲು ಮಾಡಿಕೊಂಡಿದೆ! ನಮ್ಮ ಫೋಟೋ ಕೆಡಿಸುವ ಅದೇ ಮಸುಕು.

2012ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ತೋರಿಸಿದರು. ಹಸಿರು ಬೆಳಕಿನಲ್ಲಿ ಜೇಡ ಸರಿಯಾಗಿ ಬೇಟೆಯ ಮೇಲೆ ನೆಗೆಯಿತು. ಬರೀ ಕೆಂಪು ಬೆಳಕಿನಲ್ಲಿ ಮಸುಕಿನ ಲೆಕ್ಕ ತಪ್ಪಿ, ಬೇಟೆಯನ್ನು ತಲುಪುವ ಮೊದಲೇ ಬಿತ್ತು. ಅವರು ಬಳಸಿದ್ದು ಹಸಾರಿಯಸ್ ಅಡಾನ್ಸನಿ ಅನ್ನುವ ಜಾತಿ. ಬೆಚ್ಚಗಿನ ದೇಶಗಳ ಮನೆಗಳಲ್ಲೆಲ್ಲ ಇರುವ ಇದು ಭಾರತದಲ್ಲೂ ಇದೆ. ಗಂಡಿನ ಮೈ ಕಪ್ಪು, ಹೊಟ್ಟೆ ಮೇಲೆ ಬಿಳಿ ಕಮಾನು, ಬಾಯಿ ಪಕ್ಕದ ಪುಟ್ಟ ಕೈಗಳೂ ಬಿಳಿ. ಕಿಟಕಿ ಪಕ್ಕ, ಹೂಕುಂಡಗಳ ನಡುವೆ ಹುಡುಕಿ ನೋಡಿ.