ಪದ ಪರಿಚಯ: ರಕ್ತದ ಗುಂಪಿನ ಪಥ್ಯ

‘ನಂದು ಓ ಪಾಸಿಟಿವ್ ಬಾಡಿ, ಹಾಲು ಗೋಧಿ ಆಗಲ್ಲ’ ಅನ್ನೋ ಮಾತು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡುವವರಿಂದ ಹಿಡಿದು ಮಂಡ್ಯ ಕಡೆಯ ಮದುವೆ ಪಂಕ್ತಿಯವರೆಗೆ ಈಗ ಎಲ್ಲೆಲ್ಲೂ ಕೇಳುತ್ತದೆ. ಮೊದಲು ‘ಉಷ್ಣದ ಮೈ’, ‘ವಾಯು ಮೈ’ ಅನ್ನುತ್ತಿದ್ದ ಜಾಗದಲ್ಲಿ ಎ, ಬಿ, ಓ ಬಂದು ಕೂತಿವೆ. ರಕ್ತದ ಗುಂಪು ಯಾವುದೋ ಅದಕ್ಕೆ ತಕ್ಕ ಊಟ ಮಾಡಬೇಕು ಅನ್ನೋದೇ ಈ ಪಥ್ಯ. ಮೈಗೆ ಏನು ಒಗ್ಗುತ್ತದೆ ಅನ್ನೋದೇ ಬೇರೆ, ರಕ್ತದ ಗುಂಪೇ ಬೇರೆ. ಎರಡನ್ನೂ ಒಂದೇ ಮಾಡಿಕೊಂಡು ಊಟ ಬಿಡುವವರನ್ನು ನೋಡಿ ಸಾಕಾಗಿದೆ.

‘ಪಥ್ಯ’ ಅನ್ನೋ ಪದವನ್ನೂ ಇಲ್ಲಿ ತಪ್ಪಾಗಿ ಎಳೆದು ತಂದಿದ್ದಾರೆ. ಬಾಣಂತಿ ಪಥ್ಯಕ್ಕೆ, ಕಾಮಾಲೆ ಪಥ್ಯಕ್ಕೆ ಒಂದು ಕಾರಣ ಇರುತ್ತದೆ, ಮುಗಿಯುವ ದಿನವೂ ಇರುತ್ತದೆ. ರಕ್ತದ ಗುಂಪು ಹುಟ್ಟಿನಿಂದ ಬಂದದ್ದು. ಅದರ ಹೆಸರಲ್ಲಿ ಹಿಡಿದ ಪಥ್ಯ ಬಿಡುವುದು ಯಾವಾಗ?

ಈ ಆಹಾರಕ್ರಮವನ್ನು 1996ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಪ್ರಕೃತಿ ಚಿಕಿತ್ಸಕ ಪೀಟರ್ ಡಿ’ಅಡಾಮೊ. ಅವರ ಪ್ರಕಾರ ಓ ಬೇಟೆಗಾರರ ಗುಂಪು, ಮಾಂಸ ತಿನ್ನಬೇಕು. ಎ ಬೇಸಾಯ ಶುರುವಾದಾಗ ಹುಟ್ಟಿದ್ದು, ಸೊಪ್ಪು ತರಕಾರಿ ಸಾಕು. ಬಿ ಅಲೆಮಾರಿ ದನಗಾಹಿಗಳದು, ಹಾಲು ಮೊಸರು ಆಗುತ್ತದೆ. ಆದರೆ ಎ, ಬಿ ಗುಂಪುಗಳು ಗಿಬ್ಬನ್‌ನಂಥ ವಾನರಗಳಲ್ಲೂ ಇವೆ. ಮನುಷ್ಯ ನೇಗಿಲು ಹಿಡಿಯುವುದಕ್ಕೆ ಲಕ್ಷಾಂತರ ವರ್ಷ ಮುಂಚಿನವು ಅವು. ಹಾಗಾಗಿ ಬೇಟೆ–ಬೇಸಾಯದ ಈ ಕಥೆ ನಿಲ್ಲುವುದಿಲ್ಲ.

ಇನ್ನು ಅವರ ಎರಡನೆಯ ವಾದ, ಕಾಳುಗಳಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನುಗಳದು. ಗುಂಪು ಅಂದರೆ ಕೆಂಪು ರಕ್ತಕಣದ ಮೇಲಿರುವ ಸಕ್ಕರೆ ಅಣುಗಳ ವ್ಯತ್ಯಾಸ. ಬೇರೆ ಗುಂಪಿನ ರಕ್ತ ಬೆರೆತರೆ ಕಣಗಳು ಅಂಟಿಕೊಂಡು ಗಂಟಾಗುತ್ತವೆ. ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಗುಂಪುಗಳನ್ನು ಗುರುತಿಸಿದ್ದು ಹೀಗೆಯೇ. ಲೆಕ್ಟಿನ್‌ಗಳೂ ಕಣಗಳನ್ನು ಹೀಗೆ ಅಂಟಿಸಬಲ್ಲವು. ಆದ್ದರಿಂದ ಗುಂಪಿಗೆ ಆಗದ ಕಾಳು ತಿಂದರೆ ರಕ್ತ ಕೆಡುತ್ತದೆ ಅನ್ನೋದು ವಾದ.

ಇದಕ್ಕೆ ಉತ್ತರ ನಮ್ಮ ಹುರುಳಿಕಾಳಿನಲ್ಲೇ ಇದೆ. ಹಸಿ ಹುರುಳಿಯಿಂದ ತೆಗೆದ ಲೆಕ್ಟಿನ್ ಎ ಗುಂಪಿನ ಕಣಗಳನ್ನು ಹುಡುಕಿ ಅಂಟಿಸುತ್ತದೆ. ಎ ಗುಂಪಿನೊಳಗೇ ಎ1, ಎ2 ಅಂತ ಬೇರೆ ಮಾಡಲು ರಕ್ತನಿಧಿಗಳಲ್ಲಿ ಅದನ್ನು ಬಳಸುತ್ತಾರೆ. ಡಿ’ಅಡಾಮೊ ವಾದ ನಿಜವಾಗಿದ್ದರೆ ಹುರುಳಿ ಬಸ್ಸಾರು, ಮೊಳಕೆ ಹುರುಳಿ ಸಾರು ಉಂಡ ಎ ಗುಂಪಿನವರೆಲ್ಲ ಹಾಸಿಗೆ ಹಿಡಿಯಬೇಕಿತ್ತು. ಮಂಡ್ಯದಲ್ಲಿ ತಲೆಮಾರುಗಳಿಂದ ಮುದ್ದೆ ಜೊತೆ ಅದನ್ನೇ ಉಣ್ಣುತ್ತಿದ್ದಾರೆ. ಲ್ಯಾಬಿನ ಗಾಜಿನ ನಳಿಗೆಯಲ್ಲಿ ಹಸಿ ಕಾಳಿನ ಸಾರ ನೇರವಾಗಿ ರಕ್ತಕ್ಕೆ ತಾಗುತ್ತದೆ. ಅಡುಗೆಮನೆಯಲ್ಲಿ ಕಾಳು ಕುಕ್ಕರಿನಲ್ಲಿ ಬೇಯುತ್ತದೆ, ಲೆಕ್ಟಿನ್‌ನ ಅಂಟಿಸುವ ಶಕ್ತಿ ಹೋಗುತ್ತದೆ. ಸರಿಯಾಗಿ ಬೇಯದ ರಾಜ್ಮಾ ತಿಂದರೆ ವಾಂತಿಯಾಗುವುದು ನಿಜ, ಆದರೆ ಯಾವ ಗುಂಪಿನವರಿಗಾದರೂ ಆಗುತ್ತದೆ.

‘ನನ್ನ ಗುಂಪಿನ ಡಯಟ್ ಮಾಡಿ ಶುಗರ್ ಇಳಿಯಿತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಮೈದಾ, ಕರಿದದ್ದು, ಸ್ವೀಟ್ ಬಿಟ್ಟು ಸೊಪ್ಪು ಹೆಚ್ಚು ತಿಂದರೆ ಯಾರಿಗೂ ಇಳಿಯುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದವರು 1,455 ಜನರ ಊಟ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ. ‘ಎ’ ಗುಂಪಿಗೆ ಅಂತ ಹೇಳಿದ ಪಟ್ಟಿಗೆ ಹತ್ತಿರವಾದ ಊಟ ಮಾಡುವವರ ಬಿಪಿ, ಸೊಂಟದ ಸುತ್ತಳತೆ, ಕೊಲೆಸ್ಟ್ರಾಲ್ ಚೆನ್ನಾಗಿದ್ದವು, ಅವರ ರಕ್ತದ ಗುಂಪು ಯಾವುದೇ ಇರಲಿ.

ಗುಂಪಿಗೂ ಕಾಯಿಲೆಗೂ ನಂಟೇ ಇಲ್ಲ ಎನ್ನಲಾಗದು. ಓ ಅಲ್ಲದವರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚು. ಅದಕ್ಕೆ ಕಾರಣ ರಕ್ತದಲ್ಲಿನ ಹೆಪ್ಪುಗಟ್ಟಿಸುವ ಪ್ರೋಟೀನುಗಳು. ತಟ್ಟೆಯಲ್ಲಿ ಹಾಲಿತ್ತೋ ಗೋಧಿಯಿತ್ತೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನನಗೆ ಹೆಚ್ಚು ಚಿಂತೆ ವಯಸ್ಸಾದವರದು. ಮುಪ್ಪು ನಿಧಾನವಾಗುತ್ತದೆ ಅಂತ ನಂಬಿಕೊಂಡು ಅರವತ್ತು ದಾಟಿದವರು ‘ಓ’ ಅಂತ ಹಾಲು ಮೊಸರು, ‘ಎ’ ಅಂತ ಕೋಳಿ ಬಿಡುತ್ತಾರೆ. ಆ ವಯಸ್ಸಿನಲ್ಲಿ ಸ್ನಾಯು ಕರಗುತ್ತಿರುತ್ತದೆ, ಮೂಳೆ ಟೊಳ್ಳಾಗುತ್ತಿರುತ್ತದೆ. ಪ್ರೋಟೀನು, ಕ್ಯಾಲ್ಸಿಯಂ ಬೇಕಾಗುವುದೇ ಆಗ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಬಿಡಲಿ, ಅದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ, ಗುಂಪಿನದಲ್ಲ. ಅವರಲ್ಲೂ ಎಷ್ಟೋ ಜನರಿಗೆ ಮಜ್ಜಿಗೆ ಒಗ್ಗುತ್ತದೆ. ಕಿಡ್ನಿ ತೊಂದರೆ ಇರುವವರು ಪ್ರೋಟೀನು ಎಷ್ಟು ಅಂತ ಡಾಕ್ಟರನ್ನು ಕೇಳಲಿ. ಅವರು ನೋಡುವುದು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟನ್ನು, ರಕ್ತದ ಗುಂಪಿನ ಕಾರ್ಡನ್ನಲ್ಲ.