ಗೇರ್‌ಬಾಕ್ಸ್ ಇಳಿಸುವ ಮುಂಚೆ ಕ್ಲಚ್ ಆಯಿಲ್ ನೋಡಿ

ಗೇರ್ ಸರಿಯಾಗಿ ಬೀಳುತ್ತಿಲ್ಲ, ರಿವರ್ಸ್‌ಗೆ ಹಾಕಿದರೆ ಕರಕರ ಅನ್ನುತ್ತದೆ ಅಂದ ತಕ್ಷಣ ಹೆಚ್ಚಿನವರ ಬಾಯಿಂದ ಬರುವ ಮಾತು ಒಂದೇ: ಕ್ಲಚ್ ಪ್ಲೇಟ್ ಹೋಗಿದೆ. ಹೋಗಿರಲೂಬಹುದು. ಆದರೆ ಪ್ಲೇಟ್ ಸವೆದಾಗ ಸಾಮಾನ್ಯವಾಗಿ ಆಗುವುದು ಇದರ ಉಲ್ಟಾ. ಎಂಜಿನ್ ಜೋರಾಗಿ ತಿರುಗುತ್ತದೆ, ಗಾಡಿ ಮಾತ್ರ ಅಷ್ಟು ಮುಂದೆ ಹೋಗುವುದಿಲ್ಲ, ಏರು ಹತ್ತುವಾಗ ಅದು ಎದ್ದು ಕಾಣುತ್ತದೆ. ಅಲ್ಲಿ ಕ್ಲಚ್ ಹಿಡಿಯುತ್ತಿಲ್ಲ. ಗೇರ್ ಬೀಳದಿರುವ ಗಾಡಿಯಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ. ಹೈಡ್ರಾಲಿಕ್ ಕ್ಲಚ್, ಅಂದರೆ ಪೆಡಲಿನ ಒತ್ತಡವನ್ನು ಕೇಬಲ್ ಬದಲು ಆಯಿಲ್ ಸಾಗಿಸುವಂಥದ್ದು, ಬಿಡದಿದ್ದರೆ ನನ್ನ ಮೊದಲ ಅನುಮಾನ ಯಾವಾಗಲೂ ಆಯಿಲ್ ಮೇಲೆ.

ಯಾಕೆ ಅಂತ ನೋಡೋಣ. ನೀವು ಪೆಡಲ್ ತುಳಿದಾಗ ಒಂದು ರಾಡ್ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಅಲ್ಲಿಂದ ಆಯಿಲ್ ಪೈಪಿನಲ್ಲಿ ಹೋಗಿ ಗೇರ್‌ಬಾಕ್ಸ್ ಹತ್ತಿರದ ಸ್ಲೇವ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಅದು ತನ್ನ ರಾಡಿನಿಂದ ಫೋರ್ಕ್ ಅನ್ನುವ ಸನ್ನೆಯನ್ನು ತಳ್ಳುತ್ತದೆ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿದಿರುವ ಪ್ರೆಶರ್ ಪ್ಲೇಟ್ ಹಿಂದೆ ಸರಿಯುತ್ತದೆ, ಕ್ಲಚ್ ಬಿಡುತ್ತದೆ. ಒಂದು ಲೆಕ್ಕ ಹಾಕಿ. ಮಾಸ್ಟರ್ ಪಿಸ್ಟನ್ನಿನ ಮುಖ 200 ಚದರ ಮಿ.ಮೀ., ಅದು ಚಲಿಸುವುದು 30 ಮಿ.ಮೀ. ಅಂತ ಇಟ್ಟುಕೊಂಡರೆ ಪೂರ್ತಿ ತುಳಿದಾಗ ಮುಂದೆ ಹೋಗುವ ಆಯಿಲ್ ಬರೀ 6 ಮಿ.ಲೀ., ಒಂದು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ! ಸ್ಲೇವ್ ಪಿಸ್ಟನ್ನಿನ ಮುಖ ಇದರ ಎರಡು ಪಟ್ಟು ಇದ್ದರೆ ಅದು ಚಲಿಸುವುದು 15 ಮಿ.ಮೀ. ಈಗ ಆ ಪೈಪಿನಲ್ಲಿ 1 ಮಿ.ಲೀ. ಗಾಳಿ ಸಿಕ್ಕಿಕೊಂಡಿದೆ ಅನ್ನಿ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನೀವು ತುಳಿದ ದೂರದಲ್ಲಿ ಹೆಚ್ಚುಕಡಿಮೆ ಆರನೇ ಒಂದು ಭಾಗ ಆ ಗಾಳಿ ಕುಗ್ಗಿಸುವುದಕ್ಕೇ ಹೋಯಿತು, ಸ್ಲೇವ್‌ನ 15 ಮಿ.ಮೀ. ಹನ್ನೆರಡೂವರೆಗೆ ಇಳಿಯಿತು. ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳದಿರಲು ಇಷ್ಟು ಸಾಕಾಗಬಹುದು.

ಹಾಗಾಗಿ ಪರೀಕ್ಷೆ ಶುರುವಾಗಬೇಕಾದದ್ದು ಪೆಡಲಿನಿಂದ. ಕಾಲಡಿ ಮ್ಯಾಟ್ ಸಿಕ್ಕಿಕೊಂಡು ಪೆಡಲ್ ಕೆಳಗೆ ಹೋಗುತ್ತಿಲ್ಲವೇ ಅಂತಲೂ ನೋಡಿ, ಇದು ನಿಜಕ್ಕೂ ಆಗುತ್ತದೆ. ಆಮೇಲೆ ಪೆಡಲನ್ನು ನಾಲ್ಕೈದು ಸಲ ಬೇಗ ಬೇಗ ತುಳಿಯಿರಿ. ತುಳಿದಂತೆ ಗಟ್ಟಿಯಾಗಿ, ಗೇರ್ ಸಲೀಸಾಗಿ ಬಿದ್ದರೆ ಒಳಗೆ ಏರ್ ಹಿಡಿದಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲ್ ಸವೆದಿದೆ. ಇವೆರಡರಲ್ಲಿ ಯಾವುದು? ಪೆಡಲ್ ಒತ್ತಿ ಹಿಡಿದೇ ಇರಿ. ಗೇರ್ ಮೊದಲು ಸರಿಯಾಗಿ ಬಿದ್ದು, ಸ್ವಲ್ಪ ಹೊತ್ತಿನಲ್ಲಿ ಕ್ಲಚ್ ಒತ್ತಿದ್ದರೂ ಗಾಡಿ ಮೆಲ್ಲಗೆ ತೆವಳಲು ಶುರುಮಾಡಿದರೆ ಒತ್ತಡ ಎಲ್ಲೋ ಸೋರಿಹೋಗುತ್ತಿದೆ. ಹೊರಗೆ ಒಂದು ಹನಿಯೂ ಕಾಣದಿದ್ದರೆ ಮಾಸ್ಟರ್ ಒಳಗಿನ ಸೀಲ್ ದಾಟಿ ಆಯಿಲ್ ಹಿಂದಕ್ಕೆ ಬರುತ್ತಿದೆ ಅಂತಲೇ ಅರ್ಥ. ಇದನ್ನು ಮಟ್ಟಸವಾದ ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಾಗ, ಇನ್ನೊಂದು ಕಾಲು ಬ್ರೇಕ್ ಹತ್ತಿರವೇ ಇಟ್ಟುಕೊಂಡು ಮಾಡಿ.

ಇನ್ನು ಆಯಿಲ್ ಡಬ್ಬಿ. ಬ್ರೇಕ್ ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್ ಮಟ್ಟ ಇಳಿಯುತ್ತದೆ, ಅದು ಸಹಜ. ಕ್ಲಚ್ ಹಾಗಲ್ಲ. ಪ್ಲೇಟ್ ಸವೆದಂತೆ ಪ್ರೆಶರ್ ಪ್ಲೇಟಿನ ಬೆರಳಿನಂಥ ಸ್ಪ್ರಿಂಗ್ ತುದಿಗಳು ಸ್ಲೇವ್ ಪಿಸ್ಟನ್ನನ್ನು ಹಿಂದಕ್ಕೆ ನೂಕುತ್ತವೆ, ಆಯಿಲ್ ಡಬ್ಬಿಗೆ ವಾಪಸ್ ಬರುತ್ತದೆ, ಮಟ್ಟ ತುಸು ಏರುತ್ತದೆ. ಅಂದರೆ ಕ್ಲಚ್‌ಗೆ ಬೇರೆಯೇ ಡಬ್ಬಿ ಇದ್ದು ಅದರಲ್ಲಿ ಮಟ್ಟ ಇಳಿದಿದ್ದರೆ ಸೋರಿಕೆ ಇದೆ ಅಂತಲೇ. ಸುಮ್ನೆ ಮೇಲಿಂದ ತುಂಬಿಸುತ್ತಾ ಓಡಾಡುವುದು ತಪ್ಪು, ಸೋರುವ ಜಾಗ ಹುಡುಕಿ. ಪೆಡಲ್ ಮೇಲ್ಭಾಗದಲ್ಲಿ, ರಾಡ್ ಒಳಹೋಗುವ ಕಡೆ ಬೆರಳಾಡಿಸಿ. ಒದ್ದೆ ಇದ್ದರೆ ಮಾಸ್ಟರ್. ಸ್ಲೇವ್‌ನ ರಬ್ಬರ್ ಬೂಟ್ ಎತ್ತಿ ನೋಡಿ, ಅಲ್ಲಿ ಆಯಿಲ್ ನಿಂತಿದ್ದರೆ ಸ್ಲೇವ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚಿರುವ ಬೆಲ್ ಹೌಸಿಂಗ್ ಕೆಳಗಿಂದ ತೊಟ್ಟಿಕ್ಕುತ್ತಿದ್ದರೆ ಅದು ಎಂಜಿನ್ ಆಯಿಲೋ, ಗೇರ್ ಆಯಿಲೋ, ಕ್ಲಚ್ ಆಯಿಲೋ ಅಂತ ಗೊಂದಲ ಅಲ್ವಾ? ಒಂದು ಹನಿಯನ್ನು ನೀರಿಗೆ ಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್ ತೇಲುತ್ತವೆ. ಕ್ಲಚ್, ಬ್ರೇಕಿಗೆ ಹಾಕುವ ಡಾಟ್ 3, ಡಾಟ್ 4 ದರ್ಜೆಯ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ. ಕೈ ಆಮೇಲೆ ತೊಳೆದುಕೊಳ್ಳಿ, ಪೇಂಟಿಗಂತೂ ಅದನ್ನು ತಾಗಿಸಲೇಬೇಡಿ.

ಎಲ್ಲಕ್ಕಿಂತ ನಾನು ನಂಬುವ ಪರೀಕ್ಷೆ ಸ್ಕೇಲಿನದು. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಬ್ಬರು ಪೆಡಲ್ ಪೂರ್ತಿ ತುಳಿಯಲಿ, ಇನ್ನೊಬ್ಬರು ಸ್ಲೇವ್ ರಾಡ್ ಎಷ್ಟು ಹೊರಬರುತ್ತದೆ ಅಂತ ಅಳೆಯಲಿ. ಆ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಕೊಟ್ಟಿರುವಷ್ಟು ಬರುತ್ತಿಲ್ಲ ಅಂದರೆ ದೋಷ ಪೆಡಲಿಗೂ ಸ್ಲೇವ್‌ಗೂ ನಡುವೆ ಇದೆ, ಗೇರ್‌ಬಾಕ್ಸ್ ಮುಟ್ಟುವ ಅಗತ್ಯವೇ ಇಲ್ಲ. ಪೂರ್ತಿ ಬರುತ್ತಿದ್ದೂ ಗೇರ್ ಬೀಳದಿದ್ದರೆ ಮಾತ್ರ ಪ್ರೆಶರ್ ಪ್ಲೇಟ್, ಬಾಗಿದ ಫೋರ್ಕ್, ತುಕ್ಕು ಹಿಡಿದ ಸ್ಪ್ಲೈನ್ (ಪ್ಲೇಟ್ ಜಾರುವ ಶಾಫ್ಟಿನ ಹಲ್ಲುಗಳು) ಅಂತ ಒಳಗೆ ಹುಡುಕಬೇಕು. ಅಳೆಯುವಾಗಲೇ ರಬ್ಬರ್ ಹೋಸ್ ಮೇಲೆ ಕೈಯಿಡಿ, ತುಳಿದಾಗ ಅದು ಉಬ್ಬಿದರೆ ಒತ್ತಡ ಅಲ್ಲೇ ವ್ಯರ್ಥವಾಗುತ್ತಿದೆ.

ಮೊದಲು ಹೇಳಿದ ಸ್ಲಿಪ್, ಅಂದರೆ ಕ್ಲಚ್ ಹಿಡಿಯದೆ ಜಾರುವುದು ಕೂಡ ಅಪರೂಪಕ್ಕೆ ಹೈಡ್ರಾಲಿಕ್ಸ್‌ನಿಂದಲೇ ಬರುತ್ತದೆ. ಪೆಡಲ್ ಬಿಟ್ಟರೂ ಆಯಿಲ್ ವಾಪಸ್ ಬರದೆ ಒತ್ತಡ ಉಳಿದುಬಿಟ್ಟರೆ, ಕಾಲು ತೆಗೆದಿದ್ದರೂ ಕ್ಲಚ್ ಅರ್ಧ ಒತ್ತಿದಂತೆಯೇ. ಸ್ಲೇವ್ ಮೇಲಿನ, ಗಾಳಿ ಹೊರಬಿಡುವ ಬ್ಲೀಡರ್ ಸ್ಕ್ರೂ ಸಡಿಲಿಸಿದಾಗ ಆಯಿಲ್ ಚಿಮ್ಮಿ ಬಂದು, ಆಮೇಲೆ ಕ್ಲಚ್ ಹಿಡಿದರೆ ಇದೇ ಕಾರಣ. ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಮಾಸ್ಟರಿನ ಸಣ್ಣ ರಂಧ್ರ ಕಟ್ಟಿಕೊಂಡಿರಬಹುದು, ಹೋಸ್ ಒಳಗೆ ಊದಿಕೊಂಡಿರಬಹುದು.

ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಪೆಡಲ್ ಮೆತ್ತಗೆ ಅನ್ನುವವರು ಆಯಿಲಿನ ವಯಸ್ಸು ನೋಡಬೇಕು. ಈ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಅನ್ನುವುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಕುದಿದರೆ ಆವಿ, ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಆಯಿಲನ್ನೇ ಹಾಕಿ. ಡಾಟ್ ಆಯಿಲಿಗೆಂದು ಮಾಡಿದ ಸೀಲ್‌ಗಳು ಎಂಜಿನ್ ಆಯಿಲ್ ತಾಗಿದರೆ ಊದಿಕೊಂಡು ಹಾಳಾಗುತ್ತವೆ.

ಕೆಲವು ಗಾಡಿಗಳಲ್ಲಿ ಸ್ಲೇವ್ ಗೇರ್‌ಬಾಕ್ಸ್ ಶಾಫ್ಟಿನ ಸುತ್ತ, ಬೆಲ್ ಹೌಸಿಂಗ್ ಒಳಗೇ ಇರುತ್ತದೆ. ಅಲ್ಲಿ ಸ್ಕೇಲ್ ಹಿಡಿಯಲು ಆಗುವುದಿಲ್ಲ, ಡಬ್ಬಿಯ ಮಟ್ಟ ಮತ್ತು ಪೆಡಲ್ ಹೇಳುವುದನ್ನೇ ನಂಬಬೇಕು. ಅಂಥ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಬದಲಿಸುವಾಗ ಸ್ಲೇವ್ ಕೂಡ ಹೊಸದು ಹಾಕಿಸಿ, ಹಳೆಯದು ಚೆನ್ನಾಗಿ ಕಂಡರೂ ಸರಿ. ಗೇರ್‌ಬಾಕ್ಸ್ ಕೆಳಗಿರುವಾಗ ಪೆಡಲ್ ಮಾತ್ರ ಯಾರೂ ತುಳಿಯದಿರಲಿ, ತಡೆಯಲು ಎದುರಿಗೆ ಏನೂ ಇಲ್ಲದೆ ಪಿಸ್ಟನ್ ಕಳಚಿಬರುತ್ತದೆ.