ಕಾರು ಅನಿವಾರ್ಯವಾದ ಬಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರು ಜನರಿಗೆ ಕೊಟ್ಟ ಸ್ವಾತಂತ್ರ್ಯ ಹುಸಿಯಾಗಿರಲಿಲ್ಲ. ರೈಲಿನ ವೇಳಾಪಟ್ಟಿಗೆ ಕಾಯದೆ, ಹಳಿ ಇಲ್ಲದ ಕಡೆಗೂ, ಮನಸ್ಸು ಬಂದ ಗಳಿಗೆಯಲ್ಲಿ ಹೊರಡುವುದು ಅದುವರೆಗೆ ಸ್ವಂತ ಕುದುರೆಗಾಡಿ ಉಳ್ಳವರ ಸುಖವಾಗಿತ್ತು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ, 1913ರಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾದ ಮೇಲೆ ಅಗ್ಗವಾಗುತ್ತ ಹೋಗಿ, ಅಮೆರಿಕದ ಸಾಮಾನ್ಯ ಕುಟುಂಬಗಳ ಕೈಗೂ ಆ ಸುಖ ಎಟುಕುವಂತೆ ಮಾಡಿತು. ಆದರೆ ಎಲ್ಲರ ಬಳಿಯೂ ಕಾರಿರುತ್ತದೆಂದು ಭಾವಿಸಿ ಊರನ್ನೇ ಕಟ್ಟತೊಡಗಿದಾಗ, ಕಾರಿಲ್ಲದವರು ಮೊದಲೇ ಹೊಂದಿದ್ದ ಸ್ವಾತಂತ್ರ್ಯ ಕರಗತೊಡಗಿತು. ಇದು ತಂತ್ರಜ್ಞಾನದ ಸಹಜ ಫಲವೆಂದು ಹೇಳುವುದುಂಟು. ಇತಿಹಾಸವನ್ನು ನೋಡಿದರೆ ನಿಯಮಗಳ ಪಾಲೇ ದೊಡ್ಡದಾಗಿ ಕಾಣುತ್ತದೆ.

ಮೊದಲ ಜಗಳ ನಡೆದದ್ದು ಬೀದಿಯ ಮೇಲೆ. 1923ರಲ್ಲಿ ಸಿನ್ಸಿನಾಟಿ ನಗರದ 42,000ಕ್ಕೂ ಹೆಚ್ಚು ಜನರು, ಗಂಟೆಗೆ 25 ಮೈಲಿಗಿಂತ ವೇಗವಾಗಿ ಓಡದಂತೆ ಕಾರುಗಳಿಗೆ ವೇಗ ನಿಯಂತ್ರಕ ಅಳವಡಿಸಬೇಕೆಂಬ ಮನವಿಗೆ ಸಹಿ ಹಾಕಿದರು. ವಾಹನೋದ್ಯಮ ಒಗ್ಗಟ್ಟಾಗಿ ಪ್ರಚಾರಕ್ಕಿಳಿಯಿತು, ಮತದಾನದಲ್ಲಿ ಪ್ರಸ್ತಾವ ಬಿದ್ದುಹೋಯಿತು. ಎರಡೇ ವರ್ಷಗಳಲ್ಲಿ, 1925ರಲ್ಲಿ, ಲಾಸ್ ಏಂಜಲೀಸ್ ನಗರವು ಪಾದಚಾರಿಗಳು ಎಲ್ಲಿ, ಯಾವಾಗ ರಸ್ತೆ ದಾಟಬೇಕೆಂದು ಕಟ್ಟುನಿಟ್ಟಾಗಿ ವಿಧಿಸಿತು. ಮನಬಂದಲ್ಲಿ ದಾಟುವುದನ್ನು ಹೆಸರಿಸುವ ‘ಜೇವಾಕಿಂಗ್’ ಎಂಬ ಪದದಲ್ಲಿನ ‘ಜೇ’ಗೆ ಆ ಕಾಲದ ಆಡುಮಾತಿನಲ್ಲಿ ಪೇಟೆಯ ರೀತಿ ತಿಳಿಯದ ಗಮಾರ ಎಂಬ ಅರ್ಥವಿತ್ತು, ಹಾಗಾಗಿ ಬೈಗುಳವೇ ಅಪರಾಧದ ಹೆಸರಾಯಿತು ಎನ್ನಬಹುದು.

ಮುಂದಿನ ಹೆಜ್ಜೆ ದೂರವನ್ನು ಹೆಚ್ಚಿಸಿತು. 1926ರಲ್ಲಿ ಯೂಕ್ಲಿಡ್ ಗ್ರಾಮದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವಲಯ ನಿಯಮಗಳನ್ನು ಎತ್ತಿಹಿಡಿದ ಮೇಲೆ, ಮನೆ ಒಂದು ಕಡೆ, ಅಂಗಡಿ ಮತ್ತೊಂದು ಕಡೆ, ಕೆಲಸದ ಸ್ಥಳ ಮಗದೊಂದು ಕಡೆ ಇರಬೇಕೆಂಬ ಕಟ್ಟಳೆ ದೇಶದ ತುಂಬ ಹಬ್ಬಿತು. ಪ್ರತಿ ಕಟ್ಟಡವೂ ಇಂತಿಷ್ಟು ಪಾರ್ಕಿಂಗ್ ಜಾಗ ಒದಗಿಸಬೇಕೆಂಬ ನಿಯಮ ಕಟ್ಟಡಗಳನ್ನು ಇನ್ನಷ್ಟು ದೂರ ತಳ್ಳಿತು. 1956ರ ಹೆದ್ದಾರಿ ಕಾಯ್ದೆಯಡಿ 41,000 ಮೈಲಿಗಳ ಜಾಲಕ್ಕೆ ಒಕ್ಕೂಟ ಸರ್ಕಾರವೇ ಶೇ 90ರಷ್ಟು ವೆಚ್ಚ ಭರಿಸಿತು.

ಇದರ ಬೆಲೆ ಹೆಚ್ಚಾಗಿ ಬಿದ್ದದ್ದು ಸ್ಟಿಯರಿಂಗ್ ಹಿಡಿಯಲಾಗದವರ ಮೇಲೆ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ಪ್ರಕಾರ, 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರ ಹೊತ್ತಿಗೆ ಅದು ಶೇ 9ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆಯೂ ಇಳಿದದ್ದನ್ನು ಸುರಕ್ಷತೆಯ ಗೆಲುವೆಂದು ಬಣ್ಣಿಸಲಾಗುತ್ತಿತ್ತು. ಅಪಾಯ ಕಡಿಮೆಯಾಗಿರಲಿಲ್ಲ, ಮಕ್ಕಳನ್ನೇ ಬೀದಿಯಿಂದ ಹಿಂತೆಗೆದುಕೊಳ್ಳಲಾಗಿತ್ತು ಎಂಬ ಹಿಲ್‌ಮನ್ ವಾದ ನನಗೆ ಹೆಚ್ಚು ನಂಬಲರ್ಹವೆನಿಸುತ್ತದೆ. ಹಾಗೆ ಹಿಂತೆಗೆದ ಮಕ್ಕಳನ್ನು ಕರೆದೊಯ್ಯಲು ಯಾರಾದರೂ ಕಾರು ಹೊರತೆಗೆಯಬೇಕು. ಆ ಕಾರುಗಳೇ ಶಾಲೆಯ ಮುಂದಿನ ಬೀದಿಯನ್ನು ನಡೆಯಲು ಇನ್ನಷ್ಟು ಕಷ್ಟವಾಗಿಸುತ್ತವೆ. ಕಣ್ಣು ಮಂಜಾಗಿ ವಾಹನ ಓಡಿಸುವುದನ್ನು ಬಿಟ್ಟ ವೃದ್ಧರಿಗಂತೂ ಇಂಥ ಊರಿನಲ್ಲಿ ಔಷಧಿ ತರಲೂ ಮತ್ತೊಬ್ಬರ ಬಿಡುವು ಬೇಕು.

ಬೇರೆ ದಾರಿ ಇರಲಿಲ್ಲವೆಂಬ ಮಾತಿಗೆ ನೆದರ್‌ಲೆಂಡ್ಸ್ ಉತ್ತರವಾಗಿದೆ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ಚಳವಳಿ ಎದ್ದಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಘೋಷಿಸಿದ ಕಾರುರಹಿತ ಭಾನುವಾರಗಳು ಖಾಲಿ ರಸ್ತೆಯ ರುಚಿ ತೋರಿಸಿದವು. ಆಮೇಲಿನ ದಶಕಗಳಲ್ಲಿ ಸೈಕಲ್ ಪಥಗಳೂ ನಿಧಾನ ಬೀದಿಗಳೂ ಬಂದವು. ಹಾಗೆಂದು ಡಚ್ಚರು ಕಾರನ್ನು ತ್ಯಜಿಸಲಿಲ್ಲ, ಈಗಲೂ ಬಹುಪಾಲು ಕುಟುಂಬಗಳ ಬಳಿ ಅದಿದೆ.

ಅಮೆರಿಕದಲ್ಲೂ ನಿಯಮಗಳು ಸಡಿಲಗೊಳ್ಳುತ್ತಿವೆ. 2017ರಲ್ಲಿ ಬಫಲೋ ನಗರವು ಕನಿಷ್ಠ ಪಾರ್ಕಿಂಗ್ ನಿಯಮವನ್ನು ನಗರದಾದ್ಯಂತ ಕೈಬಿಟ್ಟಿತು. ಆದರೆ ದೇಶದ ತುಂಬ ಹಳೆಯ ಕಟ್ಟಳೆಯಂತೆ ಎದ್ದ ಬಡಾವಣೆಗಳು ಇದ್ದಲ್ಲೇ ಇವೆ, ಅಲ್ಲಿಂದ ಹಾಲಿನಂಗಡಿಗೆ ಹೋಗಲು ಇಂದಿಗೂ ಕಾರಿನ ಕೀಲಿಕೈ ಬೇಕು.